ಕೆಂಡ ಒಳಗೆ ತಗೋ

ರಾತ್ರಿ ಹತ್ತು ಗಂಟೆ ದಾಟಿತ್ತು. ನಮ್ಮ ಅಕ್ಕ ನಲ್ಲಿಯಿಂದ ನೀರು ಹಿಡ್ಕೊಂಡು ಟೆಂಟಿಗೆ ವಾಪಸ್ ಬರ್ತಿದ್ಲು. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಬೇಕರಿಯಲ್ಲಿ ಒಲೆ ನೋಡ್ಕೊಳ್ತಾಳಲ್ಲ, ಅವಳು. ಒಂದು ಕೈಯಲ್ಲಿ ಐದು ಲೀಟರಿನ ಕ್ಯಾನು, ಇನ್ನೊಂದು ಕೈಯಲ್ಲಿ ಟಾರ್ಚು. ದಾರಿಗೆ ಜಲ್ಲಿ ಹಾಕಿದ್ರು. ಕಾಲಿಟ್ಟಲ್ಲೆಲ್ಲ ಕರಕ್... ಕರಕ್... ಅನ್ನೋದು. ಕ್ಯಾನಿನೊಳಗೆ ನೀರು ಗುಳುಕ್ ಅನ್ನೋದು. ಇವೆರಡು ಬಿಟ್ರೆ ಬೇರೆ ಸದ್ದಿಲ್ಲ.

ದಾರಿಯ ಎಡಕ್ಕೆ ಒಂದು ಹಳೇ ಬಾವಿ. ಯಾರೂ ನೀರು ಸೇದದ ಬಾವಿ. ಬಾಯಿಗೆ ದಪ್ಪ ಹಲಗೆಗಳನ್ನ ಅಡ್ಡ ಹಾಕಿ ಮುಚ್ಚಿದ್ರು.

ಅಲ್ಲಿಗೆ ಬಂದಾಗ ಮೂರನೇ ಸದ್ದು ಕೇಳಿಸ್ತು.

ಸರ್... ಸರ್... ಸರ್...

ಒಣಗಿದ ಎರಡು ಅಂಗೈ ಉಜ್ಜಿದ ಹಾಗೆ. ಚಳಿಗೆ ನಾವು ಕೈ ಉಜ್ಕೊಳ್ತೀವಲ್ಲ, ಹಾಗೆ.

ಅಕ್ಕ ನಿಂತ್ಲು. ಜಲ್ಲಿ ಸುಮ್ಮನಾಯ್ತು. ನೀರು ಸುಮ್ಮನಾಯ್ತು. ಅದು ಸುಮ್ಮನಾಗಲಿಲ್ಲ.

"ಎಷ್ಟು ಜನ ಇದೀರ?" ಅಂತ ಯಾರೋ ಕೇಳಿದ್ರು. ಪಿಸುಮಾತು. ಗಂಡಸೋ ಹೆಂಗಸೋ ಗೊತ್ತಾಗದ ಹಾಗಿತ್ತು.

ಆ ಜಾಗದ ಕಾವಲಿನವನು ವಾಪಸ್ ಬಂದಿರಬೇಕು ಅಂದ್ಕೊಂಡು "ಐದು" ಅಂದ್ಲು.

"ಒಳಗೆ ಬೆಚ್ಚಗಿದೆಯಾ..."

ಟಾರ್ಚ್ ತಿರುಗಿಸಿದ್ಲು. ಬಾವಿಕಟ್ಟೆ. ಹಲಗೆ. ಹಲಗೆ ಮೇಲೆ ಒಂದಿಷ್ಟು ತರಗೆಲೆ. ಯಾರೂ ಇಲ್ಲ.

ನಾನಾಗಿದ್ರೆ ಕ್ಯಾನೂ ಬಿಟ್ಟು, ಚಪ್ಪಲಿಯೂ ಬಿಟ್ಟು ಓಡ್ತಿದ್ದೆ. ಅದನ್ನ ಒಪ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಅವಳು ಏನು ಮಾಡಿದ್ಲು ಗೊತ್ತಾ? ಕತ್ತಲೆ ಕಡೆ ಮುಖ ಮಾಡಿ, "ಬೆಚ್ಚಗಿದೆ. ನಿಮಗೇನಂತೆ?" ಅಂತ ಕೇಳಿದ್ಲು. ಉತ್ತರಕ್ಕೆ ಸ್ವಲ್ಪ ಹೊತ್ತು ಕಾದ್ಲು ಬೇರೆ. ಆಮೇಲೆ ಒಂದು ಹನಿ ಚೆಲ್ಲದೆ ನಡ್ಕೊಂಡು ಬಂದ್ಲು.

ಅವಳ ಸ್ವಭಾವವೇ ಅಂಥದ್ದು. ಬೇಡ ಅಂದ ಕೆಲಸವನ್ನ ಮೊದಲು ಮಾಡೋಳು. ಆ ಟೆಂಟಿಗೆ ಹೋಗಿದ್ದೂ ಹಾಗೇ.

ಆ ಚಳಿಗಾಲ ಪೂರ್ತಿ ಅವಳ ಚಿಕ್ಕ ಮಗಳು ಆಸ್ಪತ್ರೆಯಲ್ಲಿದ್ಲು. ಐದು ವರ್ಷದ ಮಗು. ಮೈಯಲ್ಲಿ ಏನೂ ಇಲ್ಲ, ಎತ್ತಿದ್ರೆ ಗುಬ್ಬಿ ಎತ್ತಿದ ಹಾಗೆ, ಅದಕ್ಕೇ ಎಲ್ಲರೂ ಗುಬ್ಬಿ ಅಂತಲೇ ಕರೆಯೋರು. ನ್ಯುಮೋನಿಯಾ. ಎರಡು ಸಲ ಗುಣ ಆಗಿ ಮತ್ತೆ ಬಂತು. ರಾತ್ರಿಯೆಲ್ಲ ಕೆಮ್ಮು. ಆ ಕೆಮ್ಮು ಕೇಳಿ ಕೇಳಿ ಅಕ್ಕನಿಗೆ ಬೇಕರಿಯಲ್ಲಿ ಹಿಟ್ಟು ಕಲೆಸೋ ಮಿಷನ್ನಿನ ಸದ್ದೂ ಕೆಮ್ಮಿನ ಹಾಗೇ ಕೇಳಿಸೋಕೆ ಶುರುವಾಗಿತ್ತಂತೆ. ಕೊನೆಗೆ ಡಾಕ್ಟರು, ಈಗ ಎದೆ ಸ್ವಚ್ಛ ಇದೆ, ಎಲ್ಲರ ಮಕ್ಕಳ ಹಾಗೆ ಆಡ್ಕೊಂಡಿರಲಿ ಅಂದ್ರು.

ಆದ್ರೆ ಮನೆಗೆ ಬಂದವರೆಲ್ಲ ಒಂದೇ ಮಾತು. ಹೊರಗೆ ಬಿಡ್ಬೇಡ. ಕಿಟಕಿ ತೆಗೀಬೇಡ. ತಣ್ಣೀರು ಮುಟ್ಟಿಸ್ಬೇಡ. ನಾನೂ ಹೇಳಿದೀನಿ, ಸುಳ್ಳು ಯಾಕೆ. ಗುಬ್ಬಿ ಕಿಟಕಿ ಗಾಜಿಗೆ ಮೂಗು ಒತ್ಕೊಂಡು ಬೀದಿ ನೋಡ್ತಾ ಕೂತಿರೋಳು. ಒಂದು ದಿನ ಕೇಳಿದ್ಲಂತೆ, "ಅಮ್ಮ, ನಾನು ಯಾವಾಗ ಹೊರಗಡೆ ಮಲಗೋದು? ಅಕ್ಕನ ಸ್ಕೂಲ್ ಪುಸ್ತಕದಲ್ಲಿ ಟೆಂಟ್ ಇದೆಯಲ್ಲ, ಅದರಲ್ಲಿ."

"ಮುಂದಿನ ಶನಿವಾರ" ಅಂದುಬಿಟ್ಲು ಅಮ್ಮ.

ಚಳಿಗಾಲ ಹೋಗಿದೆ ಅಂತ ಹೆಸರಿಗೆ ಮಾತ್ರ. ಮಧ್ಯಾಹ್ನ ಅರ್ಧ ತೋಳಿನ ಅಂಗಿ, ಸಂಜೆ ಎರಡು ಸ್ವೆಟರು, ಅಂಥ ಹವೆ. ಮೊಗ್ಗು ಬಿಡೋ ಮರಗಳಿಗೇ ಬಿಡ್ಬೇಕೋ ಬೇಡ್ವೋ ಅಂತ ಗೊತ್ತಾಗದ ಕಾಲ. ಭಾವ ಲಿಫ್ಟ್ ರಿಪೇರಿ ಮಾಡೋರು, ಅಪರೂಪಕ್ಕೆ ಎರಡು ದಿನ ರಜೆ ಸಿಕ್ಕಿತ್ತು. "ಇದು ಬೇಕಾ ಈಗ?" ಅಂತ ಒಂದು ಸಲ ಕೇಳಿದ್ರು. ಆಮೇಲೆ ತಾವೇ ಯಾರ ಹತ್ರವೋ ಟೆಂಟ್ ಕೇಳಿ ತಂದ್ರು.

ಅಕ್ಕನ ಅತ್ತೆ, ಅಂದ್ರೆ ಭಾವನ ಅಮ್ಮ, ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಅವರೂ ತಮ್ಮ ಚೀಲ ತುಂಬಿಸ್ಕೊಂಡ್ರು.

"ನೀವೆಲ್ಲಿಗೆ ಅತ್ತೆ?"

"ನಾನೂ ಬರ್ತೀನಿ. ಮಗು ಕೆಮ್ಮಿದ್ರೆ ನಿನಗೆ ಬೈಯೋಕೆ ಒಬ್ರು ಬೇಕಲ್ಲ."

ಹೀಗೆ ಐದು ಜನ. ಅಕ್ಕ, ಭಾವ, ಅತ್ತೆ, ಹನ್ನೆರಡು ವರ್ಷದ ದೊಡ್ಡ ಮಗಳು, ಗುಬ್ಬಿ. ಬಸ್ಸಿನಲ್ಲಿ ಹೋದ್ರು. ಊರಿಂದ ಎರಡು ಗಂಟೆ ದಾರಿ. ಕೆರೆ ಪಕ್ಕ ಹುಲ್ಲಿನ ಬಯಲು, ಟೆಂಟ್ ಹಾಕೋದಕ್ಕೆ ಅಂತಲೇ ಬಿಟ್ಟಿರೋ ಜಾಗ. ಮಧ್ಯಾಹ್ನ ತಲುಪಿದಾಗ ಎಂಥ ಬಿಸಿಲು ಅಂದ್ರೆ ಗುಬ್ಬಿ ಟೋಪಿ ಕಿತ್ತೆಸೆದು ಓಡಿದ್ಲಂತೆ. ಅತ್ತೆ ಟೋಪಿ ಹಿಡ್ಕೊಂಡು ಹಿಂದೆ ಓಡಿದ್ರು. ಅಕ್ಕ ಚಾಪೆ ಮೇಲೆ ಮಲಗಿ ಆಕಾಶ ನೋಡ್ತಾ ಜೋರಾಗಿ ನಕ್ಲಂತೆ. ಎಷ್ಟೋ ತಿಂಗಳಾದ ಮೇಲೆ.

ನಾಲ್ಕು ಗಂಟೆಗೆ ಗಾಳಿ ತಿರುಗ್ತು. ಐದೂವರೆಗೆ ಬೀಳೋಕೆ ಶುರು. ಮಳೆಯೂ ಅಲ್ಲ, ಹಿಮವೂ ಅಲ್ಲ, ಎರಡೂ ಕಲೆಸಿದ್ದು. ಟೆಂಟಿನ ಮೇಲೆ ಚಿಟ ಚಿಟ ಚಿಟ. ಬಯಲಲ್ಲಿದ್ದ ಇನ್ನೆರಡು ಟೆಂಟಿನವರು ತಮ್ಮ ತಮ್ಮ ಕಾರು ಹತ್ತಿ ಹೋದ್ರು. ಕಾವಲಿನವನು ಗೇಟಿಗೆ ಬೀಗ ಹಾಕೋ ಮೊದಲು ಬಂದು ನಿಂತ.

"ನೀವು ಹೋಗಲ್ವಾ?"

"ಬಸ್ ಇದೆಯಾ?"

"ಕೊನೇದು ಹೋಯ್ತು. ಇನ್ನು ಬೆಳಗ್ಗೆ ಒಂಬತ್ತಕ್ಕೆ."

"ಮತ್ತೆ ಎಲ್ಲಿಗೆ ಹೋಗೋಣ?"

ಅವನು ತಲೆ ಕೆರ್ಕೊಂಡ. "ಟೆಂಟನ್ನ ತಗ್ಗಿಂದ ಮೇಲಕ್ಕೆ ಹಾಕ್ಕೊಳ್ಳಿ. ಚಳಿ ಇಳಿದು ತಗ್ಗಲ್ಲೇ ಕೂರೋದು" ಅಂದು ಸೈಕಲ್ ಹತ್ತಿ ಹೋದ. ಅಲ್ಲಿ ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಒಂದು ಮೈಲಿ ಸುತ್ತ ಇವರು ಐದು ಜನ ಬಿಟ್ರೆ ಒಂದು ನಾಯಿಯೂ ಇಲ್ಲ.

ಅಕ್ಕ ಹೆದರಲಿಲ್ಲ. ಬಿಸಿಯನ್ನ ಹಿಡಿದಿಡೋದು ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡ್ತಿದಾಳೆ. ಟೆಂಟನ್ನ ಎತ್ತರಕ್ಕೆ ಎಳೆದು ಹಾಕಿಸಿದ್ಲು. ಬೇಕರಿಯ ರಟ್ಟಿನ ಪೆಟ್ಟಿಗೆಗಳನ್ನ ಬಿಚ್ಚಿ ಚಪ್ಪಟೆ ಮಾಡಿ ತಂದಿದ್ಲು. ನೆಲದ ಮೇಲೆ ಮೊದಲು ಪ್ಲಾಸ್ಟಿಕ್ಕು, ಅದರ ಮೇಲೆ ರಟ್ಟು ಎರಡು ಪದರ, ಅದರ ಮೇಲೆ ಚಾಪೆ, ಕಂಬಳಿ. ಚಳಿ ಮೇಲಿಂದ ಬರೋದಕ್ಕಿಂತ ಕೆಳಗಿಂದ ಜಾಸ್ತಿ ಬರುತ್ತೆ ಅಂತಾಳೆ. ಒದ್ದೆಯಾದ ಕಾಲುಚೀಲ ಒಂದೂ ಒಳಗೆ ಬರಕೂಡದು. ಎಲ್ಲರೂ ಹೊಟ್ಟೆ ತುಂಬ ಉಣ್ಣಬೇಕು. ಮಲಗೋ ಮೊದಲು ಎಲ್ಲರೂ ಹೊರಗೆ ಹೋಗಿ ಬರಬೇಕು, ಬರಲ್ಲ ಅನ್ನೋ ಹಾಗಿಲ್ಲ. ಕಂಬಳಿಯೊಳಗೆ ಮುಖ ಹಾಕ್ಕೊಂಡು ಉಸಿರಾಡಬಾರದು, ಕಂಬಳಿ ಒದ್ದೆಯಾಗುತ್ತೆ. ಟೆಂಟಿನ ಮೇಲುಗಡೆ ಎರಡು ಸಣ್ಣ ಕಿಂಡಿ ಇದ್ವು, ಜಿಪ್ ಇರೋವು. ಅವು ನಾಲ್ಕು ಬೆರಳು ತೆಗೆದೇ ಇರಬೇಕು.

ಭಾವ ಸೌದೆ ಬೆಂಕಿಯ ಕೆಂಡ ನೋಡ್ತಾ, "ಬಾಣಲೆಯಲ್ಲಿ ಸ್ವಲ್ಪ ಒಳಗಿಡೋಣ, ಕಿಂಡಿ ಮುಚ್ಚಿದ್ರೆ ಬೆಳಗಿನ ತನಕ ಬೆಚ್ಚಗಿರುತ್ತೆ" ಅಂದ್ರಂತೆ.

"ಕೆಂಡ ಒಳಗೆ ಬರೋ ಹಾಗಿಲ್ಲ" ಅಂದ್ಲು ಅಕ್ಕ. "ನಮ್ಮ ಹಳೇ ಬೇಕರಿಯಲ್ಲಿ ಒಬ್ಬ ಹಾಗೇ ಇದ್ದಿಲ ಒಲೆ ಮುಂದೆ ಬಾಗಿಲು ಹಾಕ್ಕೊಂಡು ಮಲಗಿದ್ದ. ಬೆಳಗ್ಗೆ ಎಬ್ಬಿಸಿದ್ರೆ ಏಳಲೇ ಇಲ್ಲ. ಮುಖ ನೋಡಿದ್ರೆ ಒಳ್ಳೇ ನಿದ್ದೆ ಮಾಡ್ತಿರೋನ ಹಾಗಿದ್ದ."

ಅದರ ಬದಲು ಬಾಟಲಿಗಳಿಗೆ ಬಿಸಿನೀರು ತುಂಬಿ ಕಾಲ ಹತ್ರ ಇಟ್ಕೊಳ್ಳೋಣ ಅಂತ ಆಯ್ತು. ಆ ನೀರಿಗೇ ಅವಳು ನಲ್ಲಿಗೆ ಹೋಗಿದ್ದು.

ಸರಿ. ವಾಪಸ್ ಬಂದ್ಲು. ಬಾವಿ ಹತ್ರ ಆಗಿದ್ದನ್ನ ಯಾರಿಗೂ ಹೇಳಲಿಲ್ಲ. ನೀರು ಕಾಯಿಸಿ, ಐದು ಬಾಟಲಿಗೆ ತುಂಬಿ, ಒಂದೊಂದಕ್ಕೂ ಒಣ ಕಾಲುಚೀಲ ತೊಡಿಸಿ ಹಂಚಿದ್ಲು. ಹೊರಗೆ ಬೆಂಕಿಯ ಮೇಲೆ ಬೂದಿ ಮುಚ್ಚಿದ್ಲು. ಬೇಕರಿ ಅಭ್ಯಾಸ ಅದು, ಬೆಳಗಿನ ಒಲೆಗೆ ಕೆಂಡ ಉಳಿಸೋದು. ಒಳಗೆ ಬಂದು ಬಾಗಿಲ ಜಿಪ್ ಎಳೆದು ಮಲಗಿದ್ಲು. ಮಧ್ಯೆ ಗುಬ್ಬಿ. ಗುಬ್ಬಿಯ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಇವಳು.

ಅರ್ಧ ಗಂಟೆ ಆಗಿರಬಹುದು.

"ಮಲಗಿದ್ಯೇನೇ?" ಅಂತ ಅತ್ತೆ ಪಿಸುಗುಟ್ಟಿದ್ರು.

"ಇಲ್ಲ ಅತ್ತೆ."

"ನನ್ನ ಬಾಟಲಿ ಮುಟ್ಟಿ ನೋಡು."

ಮುಟ್ಟಿದ್ಲು. ಕುದಿಯೋ ನೀರು ತುಂಬಿದ ಬಾಟಲಿ... ಐಸಿನ ಹಾಗಿತ್ತು. ತನ್ನದು ಮುಟ್ಟಿ ನೋಡಿದ್ಲು. ಅದೂ ಹಾಗೇ. ಗುಬ್ಬಿಯದು ಅಲ್ಲಾಡಿಸಿದ್ರೆ ಒಳಗೆ ನೀರಿನ ಸದ್ದಿಲ್ಲ. ಟಕ್ ಅಂತ ಗಟ್ಟಿ ಸದ್ದು.

ಆಗ ಹೊರಗಡೆ...

ಸರ್... ಸರ್... ಸರ್...

ಟೆಂಟಿನ ಸುತ್ತ. ತಲೆ ಕಡೆಯಿಂದ ಕಾಲ ಕಡೆಗೆ, ಕಾಲ ಕಡೆಯಿಂದ ಮತ್ತೆ ತಲೆ ಕಡೆಗೆ. ಹೆಜ್ಜೆ ಸದ್ದಿಲ್ಲ. ಬರೀ ಅಂಗೈ.

"ಅದೇನೇ?"

"ಗಾಳಿ ಅತ್ತೆ."

"ನಾನು ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದೀನಿ. ಗಾಳಿ ಯಾವುದು ಅಂತ ನನಗೆ ಹೇಳ್ಕೊಡ್ಬೇಡ" ಅಂದ್ರು ಅತ್ತೆ. ಆಮೇಲೆ ತಮ್ಮ ಶಾಲು ಬಿಚ್ಚಿ ಗುಬ್ಬಿಯನ್ನ ಎದೆಗೆ ಹಾಕ್ಕೊಂಡು, ಇಬ್ಬರ ಮೇಲೂ ಸುತ್ತಿಕೊಂಡ್ರು. ಅಕ್ಕ ತಣ್ಣಗಾದ ಬಾಟಲಿಗಳನ್ನೆಲ್ಲ ಹೊರಗೆ ತಳ್ಳಿ ಜಿಪ್ ಹಾಕಿ, ತನ್ನ ಕಂಬಳಿ ಅವರಿಬ್ಬರ ಮೇಲೆ ಹೊದಿಸಿದ್ಲು. ಎಚ್ಚರವಾಗೇ ಇರ್ತೀನಿ ಅಂತ ಕೂತ್ಲು. ಆದ್ರೆ ಬೆಳಗ್ಗೆ ನಾಲ್ಕಕ್ಕೆ ಎದ್ದ ಜೀವ. ಯಾವಾಗ ಕಣ್ಣು ಮುಚ್ತೋ ಗೊತ್ತಾಗಲಿಲ್ಲ.

ಎಚ್ಚರ ಆದಾಗ ಅವಳಿಗೆ ಮೊದಲು ಅನ್ನಿಸಿದ್ದು, ಅಬ್ಬ, ಬೆಚ್ಚಗಿದೆ.

ಎಷ್ಟು ಹಿತವಾದ ಬಿಸಿ. ಹಾಗೇ ಇನ್ನೊಂದು ಸ್ವಲ್ಪ ಮಲಗೋಣ ಅನ್ನಿಸ್ತು. ಆಮೇಲೆ ತಲೆನೋವು ಗೊತ್ತಾಯ್ತು. ಹಣೆಗೆ ಬಟ್ಟೆ ಕಟ್ಟಿ ಯಾರೋ ತಿರುಚ್ತಾ ಇದ್ದ ಹಾಗೆ. ಕಣ್ಣು ಬಿಟ್ರೆ ಟೆಂಟಿನ ಬಟ್ಟೆಯೆಲ್ಲ ಕೆಂಪಗೆ ಕಾಣ್ತಿದೆ.

ಝರ್ರ್... ಅಂತ ಒಂದು ಸದ್ದು.

ಭಾವ ಮೊಣಕಾಲೂರಿ ನಿಂತಿದ್ರು. ಎದುರಿಗೆ ಬಾಣಲೆ ತುಂಬ ಕೆಂಡ. ಕೈಯೆತ್ತಿ ಎರಡನೇ ಕಿಂಡಿಯ ಜಿಪ್ ಎಳೀತಿದ್ರು. ಕಣ್ಣು ತೆರೆದೇ ಇತ್ತಂತೆ. ಆದ್ರೆ ನೋಡ್ತಿರಲಿಲ್ಲ.

"ರೀ... ಏನ್ ಮಾಡ್ತಿದೀರಾ?" ನಾಲಿಗೆ ಹೊರಳಲಿಲ್ಲ ಅವಳಿಗೆ.

"ನೀನೇ ಹೇಳಿದ್ಯಲ್ಲ" ಅಂದ್ರು ಭಾವ. ಮೆಲ್ಲಗೆ. "ಹೊರಗಿಂದ ನೀನು ಕರೀತಿದ್ದೆ... ಕೆಂಡ ಒಳಗೆ ತಗೋ, ಕಿಂಡಿ ಮುಚ್ಚು ಅಂತ. ಆವಾಗ್ಲಿಂದ ಹೇಳ್ತಾನೇ ಇದೀಯ."

ಅದೇ ಹೊತ್ತಿಗೆ ಬಟ್ಟೆಯ ಆಚೆ, ಅಕ್ಕನ ಕಿವಿಯಿಂದ ಒಂದು ಗೇಣು ದೂರದಲ್ಲಿ, ಅಕ್ಕನದೇ ಧ್ವನಿ.

"ಮುಚ್ರೀ... ಪೂರ್ತಿ ಮುಚ್ಚಿ. ಮಕ್ಕಳಿಗೆ ಚಳಿ ಆಗ್ತಿದೆ..."

ತನ್ನ ಧ್ವನಿಯನ್ನ ತಾನೇ ಕೇಳೋದು ಹೇಗಿರುತ್ತೆ, ಯೋಚನೆ ಮಾಡಿ.

ಅವಳು ಯೋಚನೆ ಮಾಡಲಿಲ್ಲ. ಎದ್ದು ನಿಲ್ಲೋಕೆ ಹೋದ್ಲು, ಕಾಲು ಕೇಳಲಿಲ್ಲ. ತೆವಳಿಕೊಂಡು ಹೋಗಿ ಬಾಗಿಲ ಜಿಪ್ ಮೇಲಿಂದ ಕೆಳಗಿನ ತನಕ ಎಳೆದ್ಲು. ಟೋಪಿಯನ್ನ ಕೈಗೆ ಸುತ್ತಿಕೊಂಡು ಬಾಣಲೆಯ ಕಿವಿ ಹಿಡಿದು ಹೊರಗೆ ಎಸೆದ್ಲು. ಛಸ್ಸ್... ಅಂತು ಒದ್ದೆ ಹುಲ್ಲು. ಕಿಂಡಿಗಳೆರಡನ್ನೂ ಕಿತ್ತು ತೆಗೆದ್ಲು. ಗಂಡನ ಕೆನ್ನೆಗೆ ಒಂದು ಬಾರಿಸಿದ್ಲು. ಅದು ಜೀವಮಾನದಲ್ಲಿ ಒಂದೇ ಸಲ ಅಂತೆ. ಭಾವ ಇವತ್ತಿಗೂ ಅದನ್ನ ಹೇಳ್ಕೊಂಡು ನಗ್ತಾರೆ.

ದೊಡ್ಡ ಮಗಳು ಎದ್ದು ಕೂತು ವಾಂತಿ ಮಾಡಿದ್ಲು. ಅತ್ತೆ ತಲೆ ಹಿಡ್ಕೊಂಡು ಎದ್ರು. ಗುಬ್ಬಿ ಏಳಲಿಲ್ಲ.

"ಗುಬ್ಬಿ."

ಇಲ್ಲ.

ಅತ್ತೆ ಮಗುವನ್ನ ಎಳ್ಕೊಂಡು ತಲೆಯನ್ನ ಬಾಗಿಲಿಂದ ಹೊರಗೆ, ಗಾಳಿಗೆ ಇಟ್ರು. ಬೆನ್ನು ತಿಕ್ಕಿದ್ರು. ಅಂಗಾಲು ತಿಕ್ಕಿದ್ರು. ಅವರ ಕೈಗೆ ಅದೆಲ್ಲ ಗೊತ್ತು. ಅಕ್ಕ ಮಗಳ ಮುಖದ ಹತ್ರ ಬಗ್ಗಿ ಕೂತಿದ್ಲು. ಆ ಚಳಿಗಾಲ ಪೂರ್ತಿ ಯಾವ ಕೆಮ್ಮು ನಿಲ್ಲಲಿ ಅಂತ ಒದ್ದಾಡಿದ್ಲೋ, ಅದನ್ನೇ ಕೇಳ್ತಿದ್ಲು.

"ಕೆಮ್ಮು ಕಂದ. ಒಂದೇ ಒಂದು ಸಲ ಕೆಮ್ಮಮ್ಮ."

ಎಷ್ಟು ಹೊತ್ತೋ...

ಖುಳ್... ಖುಳ್ ಖುಳ್.

ಕೆಮ್ಮಿದ್ಲು. ಕಣ್ಣು ಬಿಟ್ಟು ಅಜ್ಜಿಯನ್ನ ನೋಡಿ "ಚಳಿ" ಅಂದ್ಲು.

ಅತ್ತೆಯ ಕಣ್ಣಲ್ಲಿ ನೀರು. ಆದ್ರೂ ಸೊಸೆ ಕಡೆ ತಿರುಗಿ, "ನೋಡು, ಕೆಮ್ಮಿದ್ಲು. ಬೈಯೋದು ಬೆಳಗ್ಗೆ ಬೈತೀನಿ" ಅಂದ್ರು. ಮಗುವನ್ನ ಮತ್ತೆ ಎದೆಗೆ ಹಾಕ್ಕೊಂಡ್ರು. ದೊಡ್ಡವಳನ್ನ ಬೆನ್ನಿಗೆ ಒತ್ತಿ ಕೂರಿಸ್ಕೊಂಡ್ರು. ಆಮೇಲೆ ಚೀಲದಿಂದ ಹತ್ತಿ ತೆಗೆದು ಮಗನ ಎರಡೂ ಕಿವಿಗೆ ತುರುಕಿ, ಮೇಲಿಂದ ಮಫ್ಲರ್ ಬಿಗಿದ್ರು. "ಇನ್ನು ನೀನು ಯಾರ ಮಾತೂ ಕೇಳೋ ಹಾಗಿಲ್ಲ" ಅಂದ್ರು. ಭಾವ ಏನೂ ಕೇಳಿಸದೆ ತಲೆಯಾಡಿಸಿದ್ರು.

ಹೊರಗೆ ಮತ್ತೆ ಶುರುವಾಯ್ತು. ಸರ್... ಸರ್...

"ಒಬ್ಬರನ್ನಾದ್ರೂ..." ಅಂತು ಪಿಸುಮಾತು. ಈಗ ಅಕ್ಕನ ಧ್ವನಿ ಅಲ್ಲ. ಬಾವಿ ಹತ್ರ ಕೇಳಿದ್ದು.

ಅಕ್ಕನಿಗೆ ಅಲ್ಲಿಯ ತನಕ ಹೆದರಿಕೆ ಇತ್ತಂತೆ. ಆ ಮಾತು ಕೇಳಿದ್ದೇ ತಡ, ಹೋಯ್ತು. ಅದರ ಜಾಗಕ್ಕೆ ಎಂಥ ಸಿಟ್ಟು ಬಂತು ಅಂದ್ರೆ ಚಳಿ ಕೂಡ ಮರೆತೋಯ್ತಂತೆ. ಟೆಂಟಿನಿಂದ ಹೊರಗೆ ಬಂದು, ಬಾಗಿಲಿಗೆ ಅಡ್ಡವಾಗಿ ನಿಂತ್ಲು.

"ಯಾರನ್ನೂ ಇಲ್ಲ" ಅಂದ್ಲು.

"ಚಿಕ್ಕದನ್ನ..."

"ಕೇಳಿಸಲಿಲ್ವಾ? ಯಾರನ್ನೂ ಇಲ್ಲ. ನಿನಗೆ ಬೇಕಾಗಿರೋದು ಬಿಸಿ ತಾನೇ? ಇಲ್ಲೇ ಇರು. ಬೆಂಕಿ ನಾನು ಹಾಕ್ತೀನಿ. ಬೆಳಗಾಗೋ ತನಕ ಹಾಕ್ತೀನಿ. ಅದನ್ನ ಬಿಟ್ಟು ನನ್ನ ಟೆಂಟಿನ ಜಿಪ್ ಮುಟ್ಟಿದ್ರೆ, ನಿನ್ನ ಬಾವಿಗೆ ನಾನೇ ಇಳಿದು ಬರ್ತೀನಿ."

ಮಂಜುಮಳೆ ಬೀಳ್ತಾನೇ ಇತ್ತು. ಅವಳು ತನ್ನ ಚಾಪೆ ಕೆಳಗಿನ ಒಣ ರಟ್ಟು ಎಳೆದು ತಂದು ಹರಿದ್ಲು. ಸೌದೆಯ ತೊಗಟೆ ಚಾಕುವಿನಲ್ಲಿ ಕೆತ್ತಿ ಒಳಗಿನ ಒಣ ಭಾಗ ತೆಗೆದ್ಲು. ಬೂದಿ ಕೆದಕಿದ್ಲು. ಭಾವ ಬಿಟ್ಟಿದ್ದು ನಾಲ್ಕೇ ನಾಲ್ಕು ಕೆಂಡ, ಹುಣಸೆಬೀಜದಷ್ಟು. ಊದೋಕೆ ಕೊಳವೆ ಬೇಕಲ್ಲ? ಟೆಂಟಿನ ಜೊತೆ ಒಂದು ಕೋಲು ಹೆಚ್ಚಿಗೆ ಬಂದಿತ್ತು, ಅಲ್ಯುಮಿನಿಯಂದು, ಒಳಗೆ ಟೊಳ್ಳು. ಅದನ್ನ ಬಾಯಿಗಿಟ್ಟು ಊದಿದ್ಲು. ಫೂ... ಫೂ... ಫೂ... ಕೆಂಡ ಕಣ್ಣು ಬಿಟ್ಟಿತು. ರಟ್ಟು ಹಿಡೀತು. ತೊಗಟೆ ಹಿಡೀತು. ಚಟ್ ಅಂತು ಮೊದಲನೇ ಕಡ್ಡಿ.

ಅಂಗೈ ಉಜ್ಜೋ ಸದ್ದು ಟೆಂಟಿನ ಹಿಂದಿನಿಂದ ಈ ಕಡೆ ಬಂತು. ಬೆಂಕಿಯ ಎದುರಿಗೆ ಬಂದು ನಿಂತಿತು.

ಏನು ಕಂಡೆ ಅಂತ ಎಲ್ಲರೂ ಅವಳನ್ನ ಕೇಳ್ತಾರೆ. ಏನೂ ಕಾಣಲಿಲ್ಲ ಅಂತಾಳೆ. ಬೆಂಕಿಯ ಸುತ್ತ ಹುಲ್ಲಿನ ಮೇಲೆ ಬಿದ್ದಿದ್ದೆಲ್ಲ ಕರಗಿ ನೀರಾಗ್ತಿತ್ತು. ಎದುರುಗಡೆ ಒಂದು ಜಾಗದಲ್ಲಿ ಮಾತ್ರ ಕರಗ್ತಿರಲಿಲ್ಲ. ಬೆಂಕಿಗೆ ಒಂದು ಮೊಳ ದೂರ, ಬಿದ್ದಿದ್ದು ಬಿದ್ದ ಹಾಗೇ ಬೆಳ್ಳಗೆ. ಉರಿ ಅತ್ತಲೇ ಬಾಗ್ತಿತ್ತು, ಗಾಳಿ ಇಲ್ಲದಿದ್ರೂ. ಅಷ್ಟೇ ಕಂಡಿದ್ದು.

ಇಬ್ಬರೂ ಕೂತ್ರು ಅನ್ನಿ. ಅದು ಬಿಸಿ ಎಳೀತಾ ಇತ್ತು, ಇವಳು ಊದ್ತಾ ಇದ್ಲು. ಬೆಂಕಿ ಕುಗ್ಗಿದಾಗೆಲ್ಲ ಸದ್ದು ಒಂದು ಹೆಜ್ಜೆ ಟೆಂಟಿನ ಕಡೆ ಸರಿಯೋದು. ಇವಳು ಕೊಳವೆಯಿಂದ ಬಾಯಿ ತೆಗೆದು, "ಏಯ್, ಕೂತ್ಕೋ" ಅನ್ನೋಳು. ಮತ್ತೆ ಊದೋಳು. ಮಧ್ಯ ಮಧ್ಯ ಬೈಯೋಳು. "ಆಸ್ಪತ್ರೆಯಲ್ಲಿ ನಿನಗಿಂತ ದೊಡ್ಡದನ್ನ ನೋಡಿದೀನಿ. ಮೂರು ಸಲ ಬಂದು ಮೂರು ಸಲವೂ ಬರಿಗೈಯಲ್ಲಿ ಹೋಯ್ತು. ನೀನ್ಯಾವ ಲೆಕ್ಕ."

ಮೂರೂವರೆಗೆ ಸೌದೆ ಮುಗೀತು. ಅವಳ ಮಗ್ಗುಲಲ್ಲೇ ಒಂದು ಮರದ ಬೋರ್ಡ್ ನೆಟ್ಟಿದ್ರು. 'ಹತ್ತು ಗಂಟೆಯ ನಂತರ ಬೆಂಕಿ ಇರಬಾರದು.' ಅದನ್ನ ಅಲ್ಲಾಡಿಸಿ ಕಿತ್ತು, ಕಾಲಿನಿಂದ ಮುರಿದು ಹಾಕಿದ್ಲು. ಬಣ್ಣ ಬಳಿದ ಮರ, ಚೆನ್ನಾಗಿ ಉರೀತು. ಒಂದು ಗಂಟೆಯೊಳಗೆ ಅದೂ ಉರಿದು ಮುಗೀತು.

ಬೆಳಕು ಬರೋಕೆ ಇನ್ನೂ ಹೊತ್ತಿತ್ತು. ಸರ್... ಸರ್... ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ.

ಟೆಂಟಿನ ಬಾಗಿಲಿಂದ ಅತ್ತೆಯ ಮುಖ ಹೊರಗೆ ಬಂತು. "ಸೌದೆ ಮುಗೀತಾ?"

"ಮುಗೀತು ಅತ್ತೆ. ಇಲ್ಲಿ ಕೂತು ಸ್ವಲ್ಪ ಊದ್ತಾ ಇರಿ. ಎರಡು ನಿಮಿಷ."

"ಎಲ್ಲಿಗೆ?"

"ಅವರ ಮನೇಲೇ ಇದೆಯಲ್ಲ ಸೌದೆ."

ಟಾರ್ಚ್ ಹಿಡ್ಕೊಂಡು ಜಲ್ಲಿ ದಾರಿಯಲ್ಲಿ ಹೋದ್ಲು. ಕರಕ್... ಕರಕ್... ನೇರವಾಗಿ ಬಾವಿಕಟ್ಟೆಗೆ. ತುದಿಯ ಹಲಗೆಗೆ ಎರಡೂ ಕೈ ಹಾಕಿ ಎತ್ತಿದ್ಲು. ಮೊಳೆ ಕೀಈಈ ಅಂತು. ಹಲಗೆ ಎದ್ದು ಬಂತು.

ಒಳಗಿಂದ ತಣ್ಣನೆ ಗಾಳಿ ಮುಖಕ್ಕೆ ಹೊಡೀತು. ಮತ್ತೆ ಸದ್ದು. ಸರ್ ಸರ್ ಸರ್ ಸರ್ ಸರ್...

ಒಂದು ಜೊತೆ ಕೈಯದ್ದಲ್ಲ. ಎಷ್ಟು ಜೊತೆ ಅಂತ ಹೇಳೋಕಾಗಲ್ಲ ಅಂತಾಳೆ. ಮಗ್ಗದ ಮನೆಯಲ್ಲಿ ಎಲ್ಲ ಮಗ್ಗ ಒಟ್ಟಿಗೆ ನಡೆದ ಹಾಗಿತ್ತಂತೆ.

ಆ ಸಂದಿಯೊಳಗೆ ಟಾರ್ಚ್ ಬಿಡಲಿಲ್ಲ ಅವಳು. "ಅದೊಂದು ಧೈರ್ಯ ನನಗಿರಲಿಲ್ಲ ಕಣೋ" ಅಂತ ನನ್ನ ಹತ್ರ ಒಪ್ಕೊಂಡಿದಾಳೆ. ಆದ್ರೆ ಆ ಸಂದಿಗೆ ಬಾಯಿಟ್ಟು ಒಂದು ಮಾತು ಹೇಳಿದ್ಲಂತೆ. "ಹಲಗೆ ತಗೊಂಡು ಹೋಗ್ತಿದೀನಿ. ಬೇಕಾದ್ರೆ ಎಲ್ಲರೂ ಬನ್ನಿ, ಕಾಯಿಸ್ಕೊಳ್ಳಿ. ಒಳಗೆ ಮಾತ್ರ ಯಾರಿಗೂ ಜಾಗ ಇಲ್ಲ." ಕಟ್ಟೆಯ ಮೇಲಿದ್ದ ಒಂದು ಚಪ್ಪಡಿಯನ್ನ ಆ ಸಂದಿಗೆ ಎಳೆದು ಮುಚ್ಚಿ, ಹಲಗೆ ಹೆಗಲ ಮೇಲೆ ಹಾಕ್ಕೊಂಡು ಬಂದ್ಲು.

ಆ ಹಲಗೆ ಬೆಳಗಿನ ತನಕ ಉರೀತು. ಅತ್ತೆ ಒಳಗೆ ಹೋಗಲೇ ಇಲ್ಲ, ಪಕ್ಕದಲ್ಲೇ ಕೂತ್ರು. ಎದುರುಗಡೆ ಬೆಳ್ಳಗಿದ್ದ ಜಾಗ ಅಗಲ ಆಗ್ತಾ ಹೋಯ್ತಂತೆ... ಒಂದು ಚಾಪೆಯಷ್ಟು, ಎರಡು ಚಾಪೆಯಷ್ಟು, ಆಮೇಲೆ ಬೆಂಕಿಯ ಆಚೆ ಕಡೆ ಪೂರ್ತಿ. ಅತ್ತೆ ಅದನ್ನ ನೋಡಿದ್ರು. ಸೊಸೆ ಊದಿ ಊದಿ ತುಟಿ ಒಡೆದಾಗ, ಚೀಲದಿಂದ ವ್ಯಾಸಲೀನ್ ತೆಗೆದು ಹಚ್ಚಿದ್ರು ಅಷ್ಟೇ.

ಕೆರೆಯ ಕಡೆ ಯಾವುದೋ ಹಕ್ಕಿ ಚಿರ್ರ್ ಅಂತು. ಉಜ್ಜೋ ಸದ್ದು ನಿಂತಿತು. ಒಂದೊಂದಾಗಿ ಅಲ್ಲ, ಒಂದೇ ಸಲ.

ಬಿಸಿಲು ಬಂದ ಮೇಲೆ ಗುಬ್ಬಿ ಎದ್ದು ಹೊರಗೆ ಬಂದ್ಲು. "ಅಮ್ಮ, ರಾತ್ರಿ ಯಾರಿಗೆ ಬೈತಿದ್ದೆ?"

"ಚಳಿಗೆ."

"ಅದು ಹೋಯ್ತಾ?"

"ಹೋಯ್ತು."

"ಇನ್ನೊಂದಿನ ಇರೋಣಾ?"

ಅತ್ತೆ ಅಲ್ಲೇ ಎರಡೂ ಕೈ ಮುಗಿದ್ರು, ಸಾಕು ತಾಯಿ ಅಂತ.

ಕಾವಲಿನವನು ಸೈಕಲ್ಲಿನಲ್ಲಿ ಬಂದ. ಬೋರ್ಡ್ ಇದ್ದ ಗುಂಡಿ ನೋಡಿದ. ಬಾವಿ ಕಡೆ ನೋಡಿದ. "ಹಲಗೆ ಎಲ್ಲಮ್ಮ?"

"ಸುಟ್ಟೆ. ಮುಂದಿನ ಸಲ ಕಬ್ಬಿಣದ್ದು ಹಾಕಿಸಿ" ಅಂದ್ಲು ಅಕ್ಕ.

ಅವನು ಜಗಳಕ್ಕೆ ಅಂತ ಬಾಯಿ ತೆಗೆದವನು ಅವಳ ಮುಖ ನೋಡಿ ಸೈಕಲ್ ತಿರುಗಿಸ್ಕೊಂಡ. ಒಂಬತ್ತರ ಬಸ್ಸು ಬಂತು. ಹತ್ತಿದ್ರು.

ಗುಬ್ಬಿಗೆ ಮತ್ತೆ ನ್ಯುಮೋನಿಯಾ ಬರಲಿಲ್ಲ. ಈಗ ಈಜಿನ ಸ್ಪರ್ಧೆಗೆ ಹೋಗ್ತಾಳೆ. ಪ್ರತಿವರ್ಷ ಅದೇ ಹವೆಯಲ್ಲಿ ಆ ಐದೂ ಜನ ಟೆಂಟ್ ಹೊತ್ಕೊಂಡು ಹೋಗ್ತಾರೆ. ಬೇರೆ ಬೇರೆ ಜಾಗಕ್ಕೆ. ನನ್ನನ್ನೂ ಕರೀತಾರೆ, ನಾನು ಹೋಗಲ್ಲ.

ಇನ್ನೊಂದು ವಿಷಯ ಇದೆ. ಇದನ್ನ ಮೊದಲು ಗಮನಿಸಿದ್ದು ನಾನೇ. ಮುಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಾವು ಏಳೆಂಟು ಜನ ಬಸ್‌ಸ್ಟಾಪಿನಲ್ಲಿ ನಿಂತಿದ್ವಿ. ಎಲ್ಲರ ಬಾಯಿಂದಲೂ ಹೊಗೆ. ಮಾತಾಡಿದ್ರೆ ಹೊಗೆ, ನಕ್ಕರೆ ಹೊಗೆ. ಅಕ್ಕ ನನ್ನ ಎದುರಿಗೇ ನಿಂತು ಹತ್ತು ನಿಮಿಷ ಮಾತಾಡಿದ್ಲು. ಅವಳ ಬಾಯಿಂದ ಮಾತ್ರ... ಇಲ್ಲ. ಒಂದೆಳೆಯೂ ಇಲ್ಲ. ಕೈ ಮುಟ್ಟಿ ನೋಡಿದೆ, ನನಗಿಂತ ಬೆಚ್ಚಗಿತ್ತು. ಡಾಕ್ಟರ ಹತ್ರ ಕರ್ಕೊಂಡು ಹೋದೆ. ಥರ್ಮಾಮೀಟರ್ ಇಟ್ರು, ಎದೆ ಕೇಳಿದ್ರು, ಎಲ್ಲ ಸರಿ ಇದೆ ಅಂದ್ರು. ಗಾಬರಿ ಆಗಿದ್ದು ನನಗೆ ಮಾತ್ರ, ಆ ರಾತ್ರಿ ಊದಿದ ಉಸಿರಿನ ಬಿಸಿಯನ್ನ ಅವು ಎಳ್ಕೊಂಡೇ ಹೋದ್ವೇನೋ ಅಂತ. ಅವಳು "ಹೊಗೆ ಬರದಿದ್ರೆ ಏನಂತೆ, ಮಾತು ಬರುತ್ತಲ್ಲ" ಅಂದು ವಾಪಸ್ ಬಸ್ ಹತ್ತಿದ್ಲು.

ನಗ್ತಿದೀರಲ್ಲ, ನಗಿ. ನಾಳೆ ಬೆಳಗ್ಗೆ ಐದಕ್ಕೆ ಬೇಕರಿ ಮುಂದೆ ಹೋಗಿ ನಿಲ್ಲಿ. ಶಟರ್ ಎತ್ತೋಕೆ ಅವಳೇ ಬರ್ತಾಳೆ. ಏನಾದ್ರೂ ಕೇಳಿ, ಬ್ರೆಡ್ ಎಷ್ಟೊತ್ತಿಗೆ ಬರುತ್ತೆ ಅಂತಲೇ ಕೇಳಿ. ಉತ್ತರ ಹೇಳುವಾಗ ಅವಳ ಬಾಯಿ ನೋಡ್ತಾ ಇರಿ.